ಮೂರನೇ ತಿಂಗಳಿಗೆ ನಿಲ್ಲಿಸಬೇಡಿ: ಮಂಡಿ ಆಪರೇಷನ್ ಆದಮೇಲಿನ ಒಂದು ವರ್ಷ

ಸವೆದ ಮಂಡಿಯನ್ನು ಬದಲಾಯಿಸುವ ಆಪರೇಷನ್ ಆದವರನ್ನು ನೋಡಲು ಬಂದವರೆಲ್ಲ ಕೇಳುವ ಪ್ರಶ್ನೆ ಒಂದೇ: "ಎಷ್ಟು ಮಡಚಕ್ಕೆ ಆಗುತ್ತೆ?" ಮನೆಯವರೂ ಅದನ್ನೇ ಲೆಕ್ಕ ಇಡುತ್ತಿರುತ್ತಾರೆ, ತೊಂಬತ್ತು ಡಿಗ್ರಿ ಆಯಿತು, ನೂರಾಯಿತು, ನೂರಹತ್ತಾಯಿತು ಎಂದು. "ಕಾಲು ಪೂರ್ತಿ ನೆಟ್ಟಗಾಗುತ್ತಾ?" ಎಂದು ಕೇಳುವವರು ಅಪರೂಪ. "ಕೈ ಊರದೆ ಕುರ್ಚಿಯಿಂದ ಏಳ್ತೀರಾ?" ಎಂದು ಕೇಳುವವರು ಇನ್ನೂ ಅಪರೂಪ. ವರ್ಷ ಕಳೆದ ಮೇಲೆ ಅವರು ಕುಂಟದೆ ನಡೆಯುತ್ತಾರೋ ಇಲ್ಲವೋ ಎಂಬುದು ಬಹುಮಟ್ಟಿಗೆ ನಿಂತಿರುವುದು ಈ ಕೇಳದೆ ಬಿಟ್ಟ ಎರಡು ಪ್ರಶ್ನೆಗಳ ಮೇಲೆ.

ಸಾಮಾನ್ಯವಾಗಿ ಎಂಟು ಹತ್ತು ವಾರಕ್ಕೆ ನೋವು ಇಳಿಯುತ್ತದೆ. ಮೂರು ತಿಂಗಳ ಹೊತ್ತಿಗೆ ಕೋಲು ಮೂಲೆ ಸೇರುತ್ತದೆ, ಫಿಸಿಯೋ ಬರುವುದು ನಿಲ್ಲುತ್ತದೆ, ಮನೆಮಂದಿ ನಿಟ್ಟುಸಿರು ಬಿಡುತ್ತಾರೆ. ತೊಡೆಗೆ ನಿಜವಾದ ಬಲ ತುಂಬುವ ಕೆಲಸ ಶುರುವಾಗಬೇಕಾದದ್ದೇ ಆಗ. ನೋವಿದ್ದಾಗ ಬಲದ ವ್ಯಾಯಾಮ ಮಾಡಿಸಲು ಆಗುವುದಿಲ್ಲ. ನೋವು ಹೋದ ಮೇಲೆ ಮಾಡಿಸುವವರು ಯಾರೂ ಇರುವುದಿಲ್ಲ. ಈ ಬರಹ ಮುಖ್ಯವಾಗಿ ಆ ಬಿಟ್ಟುಹೋದ ಒಂಬತ್ತು ತಿಂಗಳ ಬಗ್ಗೆ. ಆದರೆ ಅಲ್ಲಿಗೆ ತಲುಪುವ ಮೊದಲು ಮೊದಲ ಆರು ವಾರಗಳನ್ನು ಸರಿಯಾಗಿ ದಾಟಬೇಕು.

ಆಪರೇಷನ್‌ನಲ್ಲಿ ಏನಾಗುತ್ತದೆ ಎಂದು ತಿಳಿದುಕೊಂಡರೆ ಇಷ್ಟು ಕಾಲ ಏಕೆ ಬೇಕು ಎಂಬುದು ತಾನಾಗಿ ಅರ್ಥವಾಗುತ್ತದೆ. ಇಡೀ ಕೀಲನ್ನು ಕಿತ್ತು ಬೇರೆಯದನ್ನು ಕೂರಿಸುವುದಿಲ್ಲ. ತೊಡೆಮೂಳೆಯ ಕೆಳತುದಿ ಮತ್ತು ಕಾಲುಮೂಳೆಯ ಮೇಲ್ತುದಿಯಲ್ಲಿ ಸವೆದ ಭಾಗವನ್ನು ಸುಮಾರು 8ರಿಂದ 10 ಮಿಲಿಮೀಟರ್‌ನಷ್ಟು ಕತ್ತರಿಸುತ್ತಾರೆ. ಮೇಲಿನದಕ್ಕೆ ಸಾಮಾನ್ಯವಾಗಿ ಕೋಬಾಲ್ಟ್ ಕ್ರೋಮಿಯಂ ಕವಚ, ಕೆಳಗಿನದಕ್ಕೆ ಟೈಟೇನಿಯಂ ಅಥವಾ ಕೋಬಾಲ್ಟ್ ಕ್ರೋಮಿಯಂ ತಟ್ಟೆ, ಎರಡರ ನಡುವೆ ಗಟ್ಟಿ ಪಾಲಿಎಥಿಲೀನ್ ಪ್ಲಾಸ್ಟಿಕ್ ಬಿಲ್ಲೆ. ಲೋಹವನ್ನು ಮೂಳೆಗೆ ಹಿಡಿಸುವ ಬೋನ್ ಸಿಮೆಂಟ್ ಆಪರೇಷನ್ ಟೇಬಲ್ ಮೇಲೆಯೇ ಕಾಲು ಗಂಟೆಯ ಆಸುಪಾಸಿನಲ್ಲಿ ಗಟ್ಟಿಯಾಗುತ್ತದೆ. ಅದೇ ಸಂಜೆಯೋ ಮರುದಿನ ಬೆಳಿಗ್ಗೆಯೋ ವಾಕರ್ ಹಿಡಿಸಿ ನಿಲ್ಲಿಸುವುದು ಅದಕ್ಕೇ. ಭಾರ ಹಾಕಿದರೆ ಕಿತ್ತು ಬಂದೀತೆಂಬ ಭಯ ಬೇಡ. ಲೋಹ ಮೊದಲ ದಿನವೇ ತಯಾರು. ತಯಾರಿಲ್ಲದ್ದು ಅದರ ಸುತ್ತಲಿನ ಮಾಂಸಖಂಡ, ಕೊಯ್ದು ಹೊಲಿದ ಪದರಗಳು, ನರಗಳು.

ಅದರಲ್ಲೂ ತೊಡೆಯ ಮುಂಭಾಗದ ಖಂಡ, ಕ್ವಾಡ್ರಿಸೆಪ್ಸ್. ಆಪರೇಷನ್ ಆದ ಮೊದಲ ತಿಂಗಳಲ್ಲಿ ಅದು ತನ್ನ ಬಲದಲ್ಲಿ ಅರ್ಧದಷ್ಟನ್ನೋ ಇನ್ನೂ ಹೆಚ್ಚನ್ನೋ ಕಳೆದುಕೊಳ್ಳುತ್ತದೆ. ಖಂಡ ಸೊರಗುವುದು ಒಂದು ಕಾರಣ ಮಾತ್ರ. ದೊಡ್ಡ ಕಾರಣ, ಕೀಲಿನೊಳಗೆ ಊತ ಇರುವಾಗ ಬೆನ್ನುಹುರಿಯ ಮಟ್ಟದಲ್ಲಿಯೇ ಆ ಖಂಡಕ್ಕೆ ಹೋಗುವ ಆಜ್ಞೆಯನ್ನು ದೇಹ ತಡೆಹಿಡಿಯುತ್ತದೆ. ಕೀಲಿನಲ್ಲಿ 20-30 ಮಿಲಿ ನೀರು ಸೇರಿದರೂ ಸಾಕು, ತೊಡೆಯ ಒಳಮಗ್ಗುಲಿನ ಖಂಡ ಮಂಕಾಗುತ್ತದೆ. "ಎಷ್ಟು ಪ್ರಯತ್ನಪಟ್ಟರೂ ಕಾಲು ಎತ್ತಕ್ಕೇ ಆಗ್ತಿಲ್ಲ" ಎನ್ನುವವರಲ್ಲಿ ಇಚ್ಛಾಶಕ್ತಿಯ ಕೊರತೆ ಏನೂ ಇರುವುದಿಲ್ಲ. ಅವರಿಗೆ ಬೈಯುವುದಕ್ಕಿಂತ ಐಸ್ ಇಡುವುದು ಹೆಚ್ಚು ಉಪಯೋಗ.

ನಮ್ಮ ದೇಶದಲ್ಲಿ ಈ ಆಪರೇಷನ್ ಮನೆಮಾತಾದದ್ದು ಅಟಲ್ ಬಿಹಾರಿ ವಾಜಪೇಯಿ ಪ್ರಧಾನಿಯಾಗಿದ್ದಾಗ. 2000ದಲ್ಲಿ ಎಡ ಮಂಡಿ, 2001ರಲ್ಲಿ ಬಲ ಮಂಡಿ, ಮುಂಬೈನ ಬ್ರೀಚ್ ಕ್ಯಾಂಡಿ ಆಸ್ಪತ್ರೆಯಲ್ಲಿ ಅವರಿಗೆ ಆಪರೇಷನ್ ಮಾಡಿದವರು ಡಾ. ಚಿತ್ತರಂಜನ್ ರಾಣಾವತ್. ಇಂದಿನ ಕೃತಕ ಮಂಡಿಗಳ ಮೂಲ ವಿನ್ಯಾಸವನ್ನು 1970ರ ದಶಕದಲ್ಲಿ ನ್ಯೂಯಾರ್ಕ್‌ನಲ್ಲಿ ರೂಪಿಸಿದ ತಂಡದಲ್ಲಿ ಇದೇ ರಾಣಾವತ್ ಇದ್ದರು. 2017ರ ಆಗಸ್ಟ್‌ನಲ್ಲಿ ಕೇಂದ್ರದ ಔಷಧ ಬೆಲೆ ಪ್ರಾಧಿಕಾರ ಇಂಪ್ಲಾಂಟ್‌ಗಳಿಗೆ, ಅಂದರೆ ಮಂಡಿಯೊಳಗೆ ಕೂರಿಸುವ ಕೃತಕ ಭಾಗಗಳಿಗೆ, ಗರಿಷ್ಠ ಬೆಲೆ ಗೊತ್ತುಮಾಡಿತು; ಸಾಮಾನ್ಯ ಕೋಬಾಲ್ಟ್ ಕ್ರೋಮಿಯಂ ಸೆಟ್ಟಿಗೆ ಆಗ ಜಿಎಸ್‌ಟಿ ಬಿಟ್ಟು 54,720 ರೂಪಾಯಿ. ಅಲ್ಲಿಂದಾಚೆಗೆ ಮಧ್ಯಮ ವರ್ಗದ ಮನೆಗಳಲ್ಲಿ ಇಂಪ್ಲಾಂಟ್ ಯಾವ ಕಂಪನಿಯದು, ಯಾವ ಲೋಹದ್ದು ಎಂಬ ಚರ್ಚೆ ಧಾರಾಳವಾಗಿ ನಡೆಯುತ್ತದೆ. ಫಿಸಿಯೋಥೆರಪಿಗೆ ಎಷ್ಟು ತಿಂಗಳಿಗೆ ಎಷ್ಟು ದುಡ್ಡು ಎತ್ತಿಡಬೇಕು ಎಂಬ ಚರ್ಚೆ ಮಾತ್ರ ನಡೆಯುವುದೇ ಇಲ್ಲ. ದುಬಾರಿ ಇಂಪ್ಲಾಂಟ್ ಹಾಕಿಸಿ ಹತ್ತು ದಿನದ ಫಿಸಿಯೋಗೆ ಮುಗಿಸುವುದಕ್ಕಿಂತ, ಸಾಧಾರಣ ಇಂಪ್ಲಾಂಟ್ ಹಾಕಿಸಿ ಆರು ತಿಂಗಳು ವಾರಕ್ಕೊಮ್ಮೆಯಾದರೂ ಒಳ್ಳೆಯ ಫಿಸಿಯೋ ಕಣ್ಣಿಗೆ ಬೀಳುವುದು ಎಷ್ಟೋ ಮೇಲು.

ನೆಟ್ಟಗಾಗುವುದು ಮೊದಲು

ಮನೆಗೆ ಬಂದ ಮೇಲೆ ಆಗುವ ಅತಿ ದೊಡ್ಡ ತಪ್ಪು ದಿಂಬಿನದು. ಮಂಡಿಯ ಕೆಳಗೆ ದಿಂಬಿಟ್ಟರೆ ಹಾಯೆನಿಸುತ್ತದೆ, ಏಕೆಂದರೆ ಊದಿಕೊಂಡ ಕೀಲಿಗೆ ಸ್ವಲ್ಪ ಬಾಗಿದ ಭಂಗಿಯಲ್ಲಿ ಒತ್ತಡ ಕಡಿಮೆ. ಮಕ್ಕಳು ಪ್ರೀತಿಯಿಂದ ಎರಡು ದಿಂಬು ಇಡುತ್ತಾರೆ. ಹಾಗೆ ರಾತ್ರಿಯೆಲ್ಲ ಬಿಟ್ಟರೆ ಮಂಡಿಯ ಹಿಂದಿನ ಪದರ ಮೊಟಕಾಗಿ ಗಾಯ ಆ ಅಳತೆಗೇ ಮಾಯುತ್ತದೆ. ಆಮೇಲೆ ಹತ್ತು ಡಿಗ್ರಿ ನೀಡಿಸಲು ತಿಂಗಳುಗಟ್ಟಲೆ ಹೆಣಗಬೇಕು.

ದಿಂಬು ಇಡುವುದಾದರೆ ಹಿಮ್ಮಡಿಯ ಕೆಳಗೆ. ಒಂದು ಟವೆಲನ್ನು ಮೂರು ನಾಲ್ಕು ಇಂಚು ದಪ್ಪಕ್ಕೆ ಸುತ್ತಿ ಹಿಮ್ಮಡಿ ಕೆಳಗಿಟ್ಟು, ಮಂಡಿಯ ಹಿಂದೆ ಗಾಳಿ ಆಡುವಂತೆ ಬಿಡಿ. ಬೆರಳುಗಳು ಮೇಲ್ಛಾವಣಿ ನೋಡುತ್ತಿರಬೇಕು. ಪಾದ ಹೊರಕ್ಕೆ ಹೊರಳಿದರೆ ಮಂಡಿ ಕದ್ದು ಬಾಗುತ್ತದೆ, ನೋಡುವವರಿಗೆ ಗೊತ್ತಾಗುವುದಿಲ್ಲ. ಐದು ನಿಮಿಷದಿಂದ ಶುರುಮಾಡಿ ಹತ್ತು ಹದಿನೈದಕ್ಕೆ ಏರಿಸಿ, ದಿನಕ್ಕೆ ಮೂರು ನಾಲ್ಕು ಸಲ. ಅದೇ ಭಂಗಿಯಲ್ಲಿ ತೊಡೆ ಬಿಗಿಹಿಡಿದು ಮಂಡಿಯನ್ನು ಹಾಸಿಗೆಯತ್ತ ಒತ್ತಿ ಐದಾರು ಸೆಕೆಂಡು ತಡೆದರೆ ಎರಡು ಕೆಲಸ ಒಟ್ಟಿಗೇ ಆದವು. ಉಸಿರು ಕಟ್ಟಬೇಡಿ, ಬಿಪಿ ಇರುವವರಂತೂ ಕಟ್ಟಲೇಬೇಡಿ.

ನೆಟ್ಟಗಾಗದ ಮಂಡಿ ಏಕೆ ಅಷ್ಟು ತೊಂದರೆ? ಪೂರ್ತಿ ನೆಟ್ಟಗಿರುವ ಕಾಲಿನ ಮೇಲೆ ನಿಲ್ಲಲು ತೊಡೆಗೆ ಹೆಚ್ಚು ದುಡಿಮೆ ಇಲ್ಲ. ಹತ್ತು ಹದಿನೈದು ಡಿಗ್ರಿ ಬಾಗಿದ್ದರೆ ನಿಂತಷ್ಟು ಹೊತ್ತೂ ಕ್ವಾಡ್ರಿಸೆಪ್ಸ್ ಹಿಡಿದುಕೊಂಡೇ ಇರಬೇಕು. ಒಲೆಯ ಮುಂದೆ ಹತ್ತು ನಿಮಿಷ ನಿಂತರೆ ತೊಡೆ ನಡುಗುತ್ತದೆ. ಆ ಕಾಲು ಗಿಡ್ಡವಾದಂತಾಗಿ ನಡಿಗೆ ಓಲಾಡುತ್ತದೆ, ಆರು ತಿಂಗಳಿಗೆ ಸೊಂಟನೋವು ಶುರು.

ಇದಕ್ಕೆ ವಿರುದ್ಧವಾದ ಇನ್ನೊಂದು ಗಾಬರಿಯೂ ಉಂಟು. ವರ್ಷಗಟ್ಟಲೆ ಬಿಲ್ಲಿನಂತೆ ಹೊರಕ್ಕೆ ಬಾಗಿದ್ದ ಕಾಲನ್ನು ಸರ್ಜನ್ ನೇರ ಮಾಡಿರುತ್ತಾರೆ. ಎದ್ದು ನಿಂತಾಗ "ಈ ಕಾಲು ಉದ್ದ ಆಗ್ಬಿಟ್ಟಿದೆ" ಅನ್ನಿಸುತ್ತದೆ. ಬಹಳಷ್ಟು ಸಲ ಅದು ಹಳೆಯ ಸೊಟ್ಟಕ್ಕೆ ಒಗ್ಗಿಹೋದ ಸೊಂಟ ಮತ್ತು ಮಿದುಳಿನ ಲೆಕ್ಕಾಚಾರ. ಎರಡು ಮೂರು ತಿಂಗಳಲ್ಲಿ ಸರಿಹೋಗುತ್ತದೆ. ಅಳತೆ ಮಾಡಿಸದೆ ಚಪ್ಪಲಿಗೆ ದಪ್ಪ ಅಟ್ಟೆ ಹಾಕಿಸಬೇಡಿ.

ಮಡಚುವ ಲೆಕ್ಕಕ್ಕೆ ಬರೋಣ. ಸಮತಟ್ಟು ನೆಲದ ಮೇಲೆ ನಡೆಯಲು 60ರಿಂದ 70 ಡಿಗ್ರಿ ಸಾಕು. ಮೆಟ್ಟಿಲು ಹತ್ತಲು 80ರಿಂದ 85, ಇಳಿಯಲು 90ರಿಂದ 100, ಮಾಮೂಲಿ ಕುರ್ಚಿಯಿಂದ ಏಳಲು 95ರಿಂದ 105ರವರೆಗೆ. ಕುಕ್ಕರಗಾಲಲ್ಲಿ ಕೂರಲು 130ಕ್ಕೂ ಹೆಚ್ಚು. ಬಹುಪಾಲು ಜನ ವರ್ಷದ ಕೊನೆಗೆ ನಿಲ್ಲುವುದು 110-120ರ ಹತ್ತಿರ. ಆಪರೇಷನ್‌ಗೆ ಮೊದಲು ಎಷ್ಟು ಮಡಚುತ್ತಿತ್ತು ಎಂಬುದೇ ಆಮೇಲೆ ಎಷ್ಟು ಬರುತ್ತದೆ ಎಂಬುದಕ್ಕೆ ಒಳ್ಳೆಯ ಸೂಚನೆ. ಹೀಗಾಗಿ ಪಕ್ಕದ ಮನೆಯವರು ಚಕ್ಕಳಮಕ್ಕಳ ಹಾಕಿ ಕೂತರು ಎಂದು ಇವರನ್ನು ಹಿಂಸಿಸುವುದರಲ್ಲಿ ಅರ್ಥವಿಲ್ಲ.

ಗುರಿ ಹೀಗಿರಲಿ: ಎರಡು ವಾರಕ್ಕೆ, ಅಂದರೆ ಹೊಲಿಗೆ ಅಥವಾ ಸ್ಟೇಪಲ್ ಬಿಚ್ಚುವ ಹೊತ್ತಿಗೆ, 90ರ ಹತ್ತಿರ, ಆರು ವಾರಕ್ಕೆ 105-110. ಮನೆಯಲ್ಲೇ ಅಳೆಯಲು ಸುಲಭ ದಾರಿಯಿದೆ. ಗೋಡೆಗೆ ಒರಗಿಸಿದ ಕುರ್ಚಿಯಲ್ಲಿ ಪೂರ್ತಿ ಹಿಂದೆ ಸರಿದು ಕೂತು, ಕಾಲುಚೀಲ ಹಾಕಿದ ಪಾದವನ್ನು ನೆಲದ ಮೇಲೆ ಹಿಂದಕ್ಕೆ ಜಾರಿಸಿ, ಬೆರಳ ತುದಿ ಮುಟ್ಟಿದಲ್ಲಿ ಒಂದು ತುಂಡು ಟೇಪ್ ಅಂಟಿಸಿ, ತಾರೀಖು ಬರೆಯಿರಿ. ವಾರಕ್ಕೊಮ್ಮೆ ಸಾಕು, ದಿನಾ ಅಳೆದರೆ ಊತದ ಏರಿಳಿತಕ್ಕೆ ಮನಸ್ಸು ಕುಗ್ಗುತ್ತದೆ. ಪೃಷ್ಠ ಕುರ್ಚಿಯಿಂದ ಮೇಲೇಳಬಾರದು, ಎದ್ದರೆ ಅಳತೆ ಸುಳ್ಳು.

ಯಾರಾದರೂ ಬಲವಂತವಾಗಿ ಅಮುಕಿ ಮಡಚಲು ಬಂದರೆ ಬೇಡ ಎನ್ನಿ. ನೋವಿಗೆ ಖಂಡಗಳು ಬಿಗಿದುಕೊಳ್ಳುತ್ತವೆ, ರಾತ್ರಿ ಊತ ಏರುತ್ತದೆ, ಮರುದಿನ ನಿನ್ನೆಗಿಂತ ಐದು ಡಿಗ್ರಿ ಕಡಿಮೆ. ನಿಧಾನವಾಗಿ, ತಾವೇ, ದಿನಕ್ಕೆ ನಾಲ್ಕೈದು ಸಲ ಮಾಡಿದ್ದು ಉಳಿಯುತ್ತದೆ. ನೋವಿನ ಮಾತ್ರೆ ಬರೆದುಕೊಟ್ಟಿದ್ದರೆ ವ್ಯಾಯಾಮಕ್ಕೆ ಮುಕ್ಕಾಲು ಗಂಟೆ ಮುಂಚೆ ನುಂಗುವುದು ಜಾಣತನ. ಆರು ವಾರವಾದರೂ 90 ದಾಟಿಲ್ಲವೆಂದರೆ "ನೋಡೋಣ" ಎಂದು ಕಾಯಬೇಡಿ, ಸರ್ಜನ್ ಬಳಿ ಹೋಗಿ. ಅನಸ್ತೇಸಿಯ ಕೊಟ್ಟು ಕೈಯಿಂದಲೇ ಮಡಚಿ ಒಳಗಿನ ಅಂಟುಗಳನ್ನು ಬಿಡಿಸುವ ಉಪಾಯವಿದೆ. ಅದು ಚೆನ್ನಾಗಿ ಫಲಿಸುವುದು ಸುಮಾರು 12 ವಾರದ ಒಳಗೆ. ಆಮೇಲೆ ಅಂಟು ಬಲಿತಿರುತ್ತದೆ.

ಎಣ್ಣೆ, ಶಾಖ, ನಂಜು

ನಮ್ಮ ಮನೆಗಳ ಉಪಚಾರಕ್ಕೂ ಈ ಆಪರೇಷನ್‌ಗೂ ಹೊಂದಿಕೆಯಾಗದ ಕೆಲವು ಸಂಗತಿಗಳಿವೆ. ಊತ ಕಂಡರೆ ಬಿಸಿನೀರಿನ ಶಾಖ, ನೋವೆಂದರೆ ಎಣ್ಣೆ ಹಚ್ಚಿ ನೀವುವುದು ನಮ್ಮಲ್ಲಿ ಹಿಂದಿನಿಂದ ಬಂದದ್ದು. ಇಲ್ಲಿ ಮೊದಲ ಆರು ವಾರ ಶಾಖ ಬೇಡ, ರಕ್ತದ ಹರಿವು ಹೆಚ್ಚಿ ಊತ ಏರುತ್ತದೆ. ತೆಳುಬಟ್ಟೆಯಲ್ಲಿ ಸುತ್ತಿದ ಐಸ್, 15-20 ನಿಮಿಷ, ದಿನಕ್ಕೆ ನಾಲ್ಕೈದು ಸಲ. ಸಕ್ಕರೆ ಕಾಯಿಲೆಯಿಂದ ಚರ್ಮದ ಸ್ಪರ್ಶ ಕುಂದಿದ್ದರೆ ಹತ್ತು ನಿಮಿಷ ಸಾಕು, ನಡುವೆ ಒಮ್ಮೆ ಚರ್ಮ ನೋಡಿ. ಎಣ್ಣೆ ಗಾಯಕ್ಕೆ ತಾಗಬಾರದು. ಅದಕ್ಕಿಂತ ಮುಖ್ಯವಾಗಿ, ಮೀನಖಂಡವನ್ನು ಯಾರೂ ತಿಕ್ಕಬಾರದು. ಆಪರೇಷನ್ ಆದ ಮೊದಲ ವಾರಗಳಲ್ಲಿ ಅಲ್ಲಿನ ರಕ್ತನಾಳದಲ್ಲಿ ಹೆಪ್ಪು ಕಟ್ಟುವ ಸಂಭವವಿದೆ, ನೀವಿದರೆ ಅದು ಕದಲಿ ಶ್ವಾಸಕೋಶಕ್ಕೆ ಹೋಗಬಹುದು. ರಕ್ತ ತೆಳು ಮಾಡುವ ಮಾತ್ರೆ ಅಥವಾ ಇಂಜೆಕ್ಷನ್ ಸಾಮಾನ್ಯವಾಗಿ 14ರಿಂದ 35 ದಿನ ಕೊಡುವುದು ಇದಕ್ಕೇ. ಹೇಳಿದಷ್ಟು ದಿನ ತಪ್ಪದೆ ನುಂಗಬೇಕು. ತೊಡೆಯಿಂದ ಕಣಕಾಲಿನ ತನಕ ನೀಲಿ ಹಳದಿ ಕಲೆಗಳು ಇಳಿದು ಬರುವುದು ಮಾತ್ರ ಮಾಮೂಲು, ಅದು ಒಳಗೆ ಚೆಲ್ಲಿದ ರಕ್ತ.

ಇನ್ನು ನಂಜು. ಹೊಲಿಗೆ ಹಾಕಿದೆ ಎಂದು ಬದನೆಕಾಯಿ, ಮೊಟ್ಟೆ, ಮೀನು, ಬೇಳೆ ಎಲ್ಲ ಬಿಡಿಸಿ ತಿಳಿಸಾರು ಅನ್ನದ ಮೇಲೆ ಇಡುವ ಮನೆಗಳಿವೆ. ಗಾಯ ಮಾಯಲು, ತೊಡೆ ತುಂಬಿಕೊಳ್ಳಲು ಪ್ರೋಟೀನ್ ಬೇಕೇ ಬೇಕು. ಕಿಡ್ನಿ ತೊಂದರೆ ಇಲ್ಲದವರಿಗೆ ದೇಹದ ತೂಕದ ಪ್ರತಿ ಕಿಲೋಗೆ ದಿನಕ್ಕೆ ಒಂದೂಕಾಲು ಗ್ರಾಂ ಆಸುಪಾಸು; 60 ಕಿಲೋ ತೂಗುವವರಿಗೆ ಸುಮಾರು 75 ಗ್ರಾಂ. ಒಂದು ಮೊಟ್ಟೆಯಲ್ಲಿ 6 ಗ್ರಾಂ, ಒಂದು ಲೋಟ ಹಾಲಲ್ಲಿ 6-7, 50 ಗ್ರಾಂ ಒಣ ಹುರುಳಿಕಾಳಿನಲ್ಲಿ ಸುಮಾರು 11. ಬೆಳಿಗ್ಗೆ ಎರಡು ಇಡ್ಲಿ, ಮಧ್ಯಾಹ್ನ ಮುದ್ದೆ ಸೊಪ್ಪಿನ ಸಾರು, ರಾತ್ರಿ ಅನ್ನ ಮೊಸರು ಎಂದರೆ ಅರ್ಧವೂ ತಲುಪುವುದಿಲ್ಲ. ಮೊಳಕೆ ಹೆಸರುಕಾಳು, ಹುರುಳಿ ಬಸ್ಸಾರಿನ ಕಾಳು, ಪನೀರ್, ಮೀನು, ಯಾವುದು ರೂಢಿಯೋ ಅದು ಪ್ರತಿ ಊಟದಲ್ಲೂ ಇರಲಿ.

ಸೋಂಕಿನ ಬಗ್ಗೆ ಒಂದೇ ಮಾತು ಒತ್ತಿ ಹೇಳಬೇಕು. ಗಾಯದಿಂದ ನೀರು ಒಸರುತ್ತಿದ್ದರೆ, ಕೆಂಪು ದಿನೇ ದಿನೇ ಹರಡುತ್ತಿದ್ದರೆ, ಕಡಿಮೆಯಾಗಿದ್ದ ನೋವು ಮತ್ತೆ ಏರಿದರೆ, ಮೆಡಿಕಲ್ ಶಾಪಿನಿಂದ ಆ್ಯಂಟಿಬಯಾಟಿಕ್ ತಂದು ನುಂಗಬೇಡಿ. ಕೀಲಿನಿಂದ ನೀರು ತೆಗೆದು ಯಾವ ಕ್ರಿಮಿ ಎಂದು ಪತ್ತೆಮಾಡಬೇಕಾಗುತ್ತದೆ. ಮೊದಲೇ ಮಾತ್ರೆ ನುಂಗಿದ್ದರೆ ಕ್ರಿಮಿ ಸಿಗುವುದಿಲ್ಲ, ಸೋಂಕು ಒಳಗೇ ಉಳಿಯುತ್ತದೆ. ನೇರ ಸರ್ಜನ್ ಬಳಿ ಹೋಗಬೇಕು. ಮೀನಖಂಡ ಏಕಾಏಕಿ ಬಿಗಿದು ನೋಯುವುದು, ಎದೆನೋವು, ಉಸಿರು ಸಿಕ್ಕಿಕೊಳ್ಳುವುದು ಆದರೆ ಅದೇ ಗಳಿಗೆ ಎಮರ್ಜೆನ್ಸಿಗೆ.

ಮೂರರಿಂದ ಹನ್ನೆರಡು

ಈಗ ಮುಖ್ಯ ವಿಷಯ. ಮೂರು ತಿಂಗಳಾಗಿದೆ, ನೋವಿಲ್ಲ, ಮನೆಯೊಳಗೆ ಓಡಾಟ ಸಲೀಸು. ಒಂದು ಸಣ್ಣ ಪರೀಕ್ಷೆ ಮಾಡಿ. ಎರಡು ತೂಕದ ಯಂತ್ರ ಹೊಂದಿಸಿಕೊಳ್ಳಿ, ಒಂದನ್ನು ಪಕ್ಕದ ಮನೆಯಿಂದ ತಂದರೂ ಸರಿ. ಗಟ್ಟಿ ಕುರ್ಚಿಯ ಮುಂದೆ ಒಂದೊಂದು ಪಾದಕ್ಕೆ ಒಂದೊಂದು ಇಟ್ಟು, ಪಕ್ಕದಲ್ಲಿ ಒಬ್ಬರು ಹಿಡಿಯಲು ಸಿದ್ಧವಿರುವಂತೆ, ಕುರ್ಚಿಯಿಂದ ನಿಧಾನವಾಗಿ ಏಳಿ. ಏಳುವಾಗ ಮುಳ್ಳು ಎಲ್ಲಿಗೆ ಹೋಗುತ್ತದೆ ಎಂದು ಆ ಇನ್ನೊಬ್ಬರು ನೋಡಲಿ. 70 ಕಿಲೋ ತೂಗುವವರಲ್ಲಿ ಆಪರೇಷನ್ ಆದ ಕಾಲಿನ ಕೆಳಗೆ 25, ಇನ್ನೊಂದರ ಕೆಳಗೆ 45 ಕಂಡರೆ, ಅವರು ಒಂದೇ ಕಾಲಲ್ಲಿ ಏಳುತ್ತಿದ್ದಾರೆ ಎಂದು ಅರ್ಥ. ಅವರಿಗೆ ಅದು ಗೊತ್ತೇ ಇರುವುದಿಲ್ಲ. ವರ್ಷಾನುಗಟ್ಟಲೆ ನೋವಿನ ಕಾಲನ್ನು ಕಾಪಾಡಿಕೊಂಡು ಬಂದ ಅಭ್ಯಾಸ, ನೋವು ಹೋದರೂ ಹೋಗಿಲ್ಲ. ಇದರ ಪೆಟ್ಟು ಬೀಳುವುದು ಇನ್ನೊಂದು ಮಂಡಿಗೆ, ಅದು ಮೊದಲೇ ಅರ್ಧ ಸವೆದಿರುತ್ತದೆ.

ಇದಕ್ಕೆ ಮದ್ದು ಕುರ್ಚಿಯೇ. 20 ಇಂಚು ಎತ್ತರದಿಂದ ಶುರು, ಪ್ಲಾಸ್ಟಿಕ್ ಕುರ್ಚಿಯಾದರೆ ಗಟ್ಟಿ ದಿಂಬು ಹಾಕಿ ಎತ್ತರಿಸಿ. ಎರಡೂ ಪಾದ ಸರಿಸಮ. ಆಪರೇಷನ್ ಆದ ಕಾಲು ಮುಂದೆ ಸರಿಯಲು ನೋಡುತ್ತದೆ, ಬಿಡಬಾರದು. ಮೂಗು ಪಾದದ ಬೆರಳಿನ ಮೇಲಕ್ಕೆ ಬರುವಷ್ಟು ಮುಂದೆ ಬಾಗಿ, ಕೈ ಊರದೆ ಏಳಿ, ಮೂರು ಸೆಕೆಂಡು ಎಣಿಸುತ್ತ ಕೂರಿ. ಧೊಪ್ಪನೆ ಕೂತರೆ ಅರ್ಧ ವ್ಯಾಯಾಮ ನಷ್ಟ, ಏಕೆಂದರೆ ಬ್ರೇಕ್ ಹಿಡಿಯುವ ಬಲ ಬೆಳೆಯುವುದು ಇಳಿಯುವಾಗಲೇ. ಹತ್ತರಂತೆ ಮೂರು ಸಲ, ದಿನ ಬಿಟ್ಟು ದಿನ. ಸುಲಭವಾದ ಮೇಲೆ 18 ಇಂಚು, ಆಮೇಲೆ 17. ಅದೂ ಸಲೀಸಾದಾಗ ಆಪರೇಷನ್ ಆದ ಪಾದವನ್ನು ತುಸು ಹಿಂದೆ, ಒಳ್ಳೆಯ ಪಾದವನ್ನು ತುಸು ಮುಂದೆ ಇಟ್ಟು ಏಳಿ. ಭಾರ ತಾನಾಗಿ ಹೊಸ ಮಂಡಿಗೆ ಬೀಳುತ್ತದೆ.

ಎರಡನೆಯದು ಮೆಟ್ಟಿಲು. ಮೊದಲ ವಾರಗಳಲ್ಲಿ ಫಿಸಿಯೋಗಳು ಹೇಳಿಕೊಡುವ ಸೂತ್ರ: ಹತ್ತುವಾಗ ಒಳ್ಳೆಯ ಕಾಲು ಮೊದಲು, ಇಳಿಯುವಾಗ ಆಪರೇಷನ್ ಕಾಲು ಮೊದಲು. ಸರಿಯೇ, ಆದರೆ ಅದು ಊರುಗೋಲಿನ ಕಾಲಕ್ಕೆ. ವರ್ಷವಾದರೂ ಹಾಗೇ ಒಂದೊಂದೇ ಮೆಟ್ಟಿಲಿಗೆ ಎರಡೂ ಕಾಲು ಇಡುತ್ತ ಹತ್ತುವವರಿದ್ದಾರೆ, ಬದಲಾಯಿಸಲು ಯಾರೂ ಹೇಳಿರುವುದಿಲ್ಲ. ಎರಡೂವರೆ ಮೂರು ತಿಂಗಳಿಗೆ ಕಂಬಿ ಹಿಡಿದು ಕೆಳಗಿನ ಮೊದಲ ಮೆಟ್ಟಿಲ ಮೇಲೆ ಆಪರೇಷನ್ ಕಾಲಿಟ್ಟು, ಆ ಕಾಲಿನ ಬಲದಲ್ಲೇ ಮೇಲೇಳುವುದನ್ನು ಶುರುಮಾಡಿ. ನೆಲದ ಮೇಲಿರುವ ಕಾಲಿನಿಂದ ಚಿಮ್ಮಬಾರದು. ಆ ಪಾದದ ಬೆರಳುಗಳನ್ನು ಮೇಲೆತ್ತಿ ಹಿಮ್ಮಡಿಯ ಮೇಲಿಟ್ಟರೆ ಚಿಮ್ಮಲು ಆಗುವುದಿಲ್ಲ. ಏಳಲು ಆಗದಿದ್ದರೆ ಮೆಟ್ಟಿಲು ಎತ್ತರ ಹೆಚ್ಚಾಯಿತು, ನಾಲ್ಕು ಇಂಚಿನ ಅಲ್ಲಾಡದ ಹಲಗೆ ಹುಡುಕಿ. ಊಟದ ಮಣೆ ಬೇಡ, ನಯವಾದ ನೆಲದ ಮೇಲೆ ಜಾರುತ್ತದೆ. ಇಳಿಯುವ ಅಭ್ಯಾಸ ಕೊನೆಗೆ: ಮೆಟ್ಟಿಲ ಮೇಲೆ ಹೊಸ ಮಂಡಿಯ ಕಾಲಲ್ಲಿ ನಿಂತು, ಇನ್ನೊಂದು ಹಿಮ್ಮಡಿ ನೆಲ ಮುಟ್ಟುವ ತನಕ ನಿಧಾನ ಇಳಿದು, ಮತ್ತೆ ಮೇಲಕ್ಕೆ. ಮಂಡಿ ಒಳಕ್ಕೆ ವಾಲದೆ ಎರಡನೇ ಬೆರಳಿನ ನೇರಕ್ಕೆ ಇರಬೇಕು. ವಾಲಿದರೆ ಸೊಂಟದ ಪಕ್ಕದ ಖಂಡ ಸೋತಿದೆ. ಪಕ್ಕಕ್ಕೆ ಮಲಗಿ ಮೇಲಿನ ಕಾಲನ್ನು ನೇರ ಎತ್ತುವ ವ್ಯಾಯಾಮ ಸೇರಿಸಿ.

ಎಷ್ಟು ಮಾಡಿದರೆ ಹೆಚ್ಚು? ಟೇಲರ್ ಟೇಪು ತೆಗೆದುಕೊಂಡು ಮಂಡಿಚಿಪ್ಪಿನ ನಡುವಿನ ಸುತ್ತಳತೆಯನ್ನು ವ್ಯಾಯಾಮದ ಹಿಂದಿನ ದಿನ ಬೆಳಿಗ್ಗೆ ಮತ್ತು ಮರುದಿನ ಬೆಳಿಗ್ಗೆ ಹಿಡಿಯಿರಿ. ಒಂದು ಸೆಂಟಿಮೀಟರ್‌ಗಿಂತ ಹೆಚ್ಚು ಏರಿದ್ದರೆ ಭಾರವೋ ಎಣಿಕೆಯೋ ಮೂರನೇ ಒಂದು ಪಾಲು ಇಳಿಸಿ. ಏರದಿದ್ದರೆ ತೊಡೆ ನೋಯುತ್ತಿದ್ದರೂ ಮುಂದುವರಿಯಿರಿ. ಖಂಡದ ನೋವು ಬೇರೆ, ಕೀಲಿನ ನೋವು ಬೇರೆ.

ಆರು ತಿಂಗಳಿಗೆ, ವರ್ಷಕ್ಕೆ ಎರಡು ಅಳತೆ ಬರೆದಿಡಿ. 30 ಸೆಕೆಂಡಿನಲ್ಲಿ ಕೈಗಳನ್ನು ಎದೆಯ ಮೇಲೆ ಕಟ್ಟಿ ಎಷ್ಟು ಸಲ ಕುರ್ಚಿಯಿಂದ ಎದ್ದಿರಿ? 65-69 ವಯಸ್ಸಿನ ಹೆಂಗಸರಿಗೆ 11, ಗಂಡಸರಿಗೆ 12ಕ್ಕಿಂತ ಕಡಿಮೆಯಾದರೆ ಬಲ ಸಾಲದು. ಎರಡನೆಯದು, ಕುರ್ಚಿಯಿಂದ ಎದ್ದು ಮೂರು ಮೀಟರ್ ನಡೆದು ತಿರುಗಿ ಬಂದು ಕೂರಲು ಎಷ್ಟು ಹೊತ್ತು? 12 ಸೆಕೆಂಡು ಅಥವಾ ಹೆಚ್ಚಾದರೆ ಬೀಳುವ ಅಪಾಯ ಇದೆ ಎಂದು ಲೆಕ್ಕ.

ಇಷ್ಟೆಲ್ಲ ನಡೆಯದಂತೆ ತಡೆಯುವುದು ಹಲವು ಮನೆಗಳಲ್ಲಿ ಪ್ರೀತಿಯೇ. "ನೀನು ಕೂತ್ಕೋಮ್ಮ, ನಾನು ತಂದ್ಕೊಡ್ತೀನಿ", "ಅತ್ತೆ, ನೀವು ಏಳ್ಬೇಡಿ". ಮೊದಲ ತಿಂಗಳು ಅದು ಉಪಕಾರ. ನಾಲ್ಕನೇ ತಿಂಗಳಲ್ಲಿ ನೀರಿನ ಲೋಟ ಅವರೇ ಹೋಗಿ ತರಲಿ.

ಬೆಂಗಳೂರಿನ ನೆಲ

ಹಳೆಯ ಬಸವನಗುಡಿ, ಮಲ್ಲೇಶ್ವರದ ಮನೆಗಳಲ್ಲಿ ಎತ್ತರದ ಹೊಸ್ತಿಲು, ಒದ್ದೆಯಾದರೆ ಜಾರುವ ರೆಡ್ ಆಕ್ಸೈಡ್ ನೆಲ. ಅಪಾರ್ಟ್‌ಮೆಂಟುಗಳಲ್ಲಿ ಹೊಸ್ತಿಲಿಲ್ಲ, ಬದಲಿಗೆ ಹೊಳೆಯುವ ಟೈಲ್ಸ್. ಆಪರೇಷನ್‌ಗೆ ಮುಂಚೆಯೇ ಬಚ್ಚಲಿನ ಗೋಡೆಗೆ ಹಿಡಿಕೆ ಹಾಕಿಸಿ, ನಲ್ಲಿಯ ಪೈಪನ್ನೋ ಟವೆಲ್ ರಾಡನ್ನೋ ನಂಬಬೇಡಿ. ಇಂಡಿಯನ್ ಟಾಯ್ಲೆಟ್ ಇದ್ದರೆ ವೆಸ್ಟರ್ನ್ ಕಮೋಡ್ ಮಾಡಿಸಿ, ಕಮೋಡ್ ತಗ್ಗಾಗಿದ್ದರೆ ಮೇಲೆ ಕೂರಿಸುವ ಎತ್ತರದ ಸೀಟು ಸಿಗುತ್ತದೆ. ಕಾಲೊರೆಸುವ ಬಟ್ಟೆಗಳನ್ನು ಎತ್ತಿಡಿ. ವಾಕರ್‌ನ ಕಾಲು ಅದಕ್ಕೇ ಸಿಕ್ಕಿಕೊಳ್ಳುವುದು.

ಫುಟ್‌ಪಾತ್ ಈ ಊರಿನ ದೊಡ್ಡ ಪರೀಕ್ಷೆ. ಚರಂಡಿಯ ಮೇಲಿನ ಚಪ್ಪಡಿಗಳು ಅಲುಗಾಡುತ್ತವೆ, ಪ್ರತಿ ಗೇಟಿನ ಮುಂದೆ ಕಾರಿಗಾಗಿ ಇಳಿಜಾರು ಮಾಡಿರುತ್ತಾರೆ. ಓರೆ ನೆಲದಲ್ಲಿ ಒಂದು ಕಾಲು ಸದಾ ತಗ್ಗಿನಲ್ಲಿರುತ್ತದೆ, ಹೊಸ ಮಂಡಿಗೆ ಇದು ಬಹಳ ಆಯಾಸ. ಮೊದಲ ಮೂರು ತಿಂಗಳು ಪಾರ್ಕಿನ ಸಮತಟ್ಟು ದಾರಿಯೇ ಮೇಲು. ಕೋಲು ಹಿಡಿಯಬೇಕಾದದ್ದು ಆಪರೇಷನ್ ಆಗದ ಕಡೆಯ ಕೈಯಲ್ಲಿ. ತೋಳು ಇಳಿಬಿಟ್ಟಾಗ ಹಿಡಿಕೆ ಮಣಿಕಟ್ಟಿನ ಗೆರೆಯ ಎತ್ತರಕ್ಕೆ ಇರಬೇಕು. ತುದಿಯ ರಬ್ಬರ್ ಸವೆದರೆ ತಕ್ಷಣ ಬದಲಾಯಿಸಿ, ಮಳೆಗಾಲದಲ್ಲಿ ಒದ್ದೆ ಗ್ರಾನೈಟ್ ಮೇಲೆ ಜಾರುವುದು ಅದೇ.

ಆಟೋ ಹತ್ತುವಾಗ ಕಾಲು ಮೊದಲು ಹಾಕಬೇಡಿ. ಬೆನ್ನು ತಿರುಗಿಸಿ ಸೀಟಿನ ಅಂಚಿಗೆ ಕೂತು, ಒಳಕ್ಕೆ ಸರಿದು, ಆಮೇಲೆ ಎರಡೂ ಕಾಲನ್ನು ಒಟ್ಟಿಗೆ ತಿರುಗಿಸಿ. ಕಾರಿಗೂ ಹೀಗೇ, ಸೀಟಿನ ಮೇಲೆ ಪ್ಲಾಸ್ಟಿಕ್ ಕವರ್ ಹಾಸಿದರೆ ಸರಿಯುವುದು ಸುಲಭ. ಬಿಎಂಟಿಸಿಯ ಸಾಮಾನ್ಯ ಬಸ್ಸಿನ ಮೊದಲ ಮೆಟ್ಟಿಲು ಎತ್ತರ, ಕಂಡಕ್ಟರ್ ಸೀಟಿ ಊದುವ ಮೊದಲು ಹತ್ತಿ ಹಿಡಿದುಕೊಳ್ಳುವಷ್ಟು ಚುರುಕು ಬರುವ ತನಕ ತಗ್ಗುನೆಲದ ವೋಲ್ವೋ ಅಥವಾ ಮೆಟ್ರೋ ಒಳ್ಳೆಯದು. ಮೆಟ್ರೋ ನಿಲ್ದಾಣದಲ್ಲಿ ಲಿಫ್ಟ್ ಹುಡುಕಿ, ಎಸ್ಕಲೇಟರ್ ಇಳಿಯುವುದು ಆಮೇಲೆ. ಸೆಕ್ಯುರಿಟಿ ಯಂತ್ರ ಕೂಗುತ್ತದೆ. ಮಂಡಿ ತೋರಿಸಿ ಹೇಳಿದರೆ ಸಾಕು, ವಿಮಾನ ನಿಲ್ದಾಣದಲ್ಲಿ ಡಿಸ್ಚಾರ್ಜ್ ಪತ್ರ ಇದ್ದರೂ ಕೈಯಿಂದ ತಪಾಸಣೆ ಮಾಡಿಯೇ ಬಿಡುತ್ತಾರೆ. ಕಾರು ಓಡಿಸಲು ಬಲ ಮಂಡಿಯಾದರೆ ಆರು ವಾರ ಕಾಯಿರಿ. ಸ್ಕೂಟರ್‌ಗೆ ಮೂರು ತಿಂಗಳಾದರೂ ಬೇಕು, ಏಕೆಂದರೆ ಸಿಗ್ನಲ್‌ನಲ್ಲಿ ಗಾಡಿ ವಾಲಿದಾಗ ಒಂದೇ ಕಾಲು ಅದನ್ನು ಹಿಡಿಯಬೇಕು.

ಲಾಲ್‌ಬಾಗ್‌ನ ಡಾಂಬರು ದಾರಿ ಎರಡನೇ ತಿಂಗಳಿಗೇ ಒಳ್ಳೆಯ ಜಾಗ. ಕೆಂಪೇಗೌಡ ಗೋಪುರದ ಬಂಡೆಯನ್ನು ಎಂಟು ಒಂಬತ್ತನೇ ತಿಂಗಳ ಗುರಿಯಾಗಿ ಇಟ್ಟುಕೊಳ್ಳಿ. ಹತ್ತುವುದು ಉಸಿರಿನ ಕೆಲಸ. ಇಳಿಯುವುದು ತೊಡೆಯ ಕೆಲಸ, ಅಲ್ಲೇ ಮಂಡಿ ನಡುಗುವುದು. ಸಣ್ಣ ಹೆಜ್ಜೆ, ಬೇಕಾದರೆ ಅಡ್ಡಡ್ಡಲಾಗಿ.

ನೆಲಕ್ಕೆ ಕೂರುವುದು, ಏಳುವುದು

ಡಾಕ್ಟರು "ನೆಲದ ಮೇಲೆ ಕೂರಬೇಡಿ" ಎಂದಿರುತ್ತಾರೆ. ದಿನನಿತ್ಯದ ಅಭ್ಯಾಸವಾಗಿ ಬೇಡ ಎಂಬುದು ಸರಿ. ಊಟಕ್ಕೆ ಟೇಬಲ್, ದೇವರ ಮುಂದೆ ಕುರ್ಚಿ, ಮದುವೆ ಮನೆಯಲ್ಲೂ ಕುರ್ಚಿ. ಆದರೆ ನೆಲದಿಂದ ಏಳುವುದು ಹೇಗೆಂದು ಗೊತ್ತಿರಲೇಬೇಕು, ಯಾವತ್ತಾದರೂ ಬಿದ್ದರೆ ಏಳಬೇಕಲ್ಲ. ನಾಲ್ಕೈದು ತಿಂಗಳಾದ ಮೇಲೆ, ಫಿಸಿಯೋ ಎದುರಿಗೆ ಇದನ್ನು ಕಲಿಯಿರಿ.

ಅಲ್ಲಾಡದ ಮರದ ಕುರ್ಚಿ, ಅದರ ಮುಂದೆ ದಪ್ಪ ಹಾಸು. ಕುರ್ಚಿಯ ಸೀಟಿಗೆ ಎರಡೂ ಕೈ ಊರಿ, ಆಪರೇಷನ್ ಆದ ಕಾಲನ್ನು ಹಿಂದಕ್ಕೆ ಸರಿಸಿ ಆ ಮಂಡಿಯನ್ನು ಹಾಸಿನ ಮೇಲೆ ಊರಿ. ಭಾರ ಕೈಗಳ ಮೇಲೂ ಮುಂದಿರುವ ಒಳ್ಳೆಯ ಕಾಲಿನ ಮೇಲೂ ಇರಲಿ. ನಂತರ ಒಂದು ಕಡೆಯ ಪೃಷ್ಠಕ್ಕೆ ವಾಲಿ ಕೂರಿ, ಕಾಲು ನೀಡಿ. ಏಳುವಾಗ ಒಳ್ಳೆಯ ಕಾಲಿನ ಕಡೆಗೆ ಹೊರಳಿ, ಅಂಬೆಗಾಲಿಗೆ ಬಂದು, ಕುರ್ಚಿ ಹಿಡಿದು, ಒಳ್ಳೆಯ ಪಾದವನ್ನು ಮುಂದೆ ಊರಿ ಅದರ ಬಲದಲ್ಲಿ ಏಳಿ. ಹೊಸ ಮಂಡಿ ಊರಿದಾಗ ವಿಚಿತ್ರವಾಗಿ ಚುಚ್ಚಿದಂತೆ, ಮರಗಟ್ಟಿದಂತೆ ಅನ್ನಿಸುತ್ತದೆ. ಗಾಯದ ಹೊರಮಗ್ಗುಲಲ್ಲಿ ಚರ್ಮದ ಸಣ್ಣ ನರವೊಂದು ಕೊಯ್ಲಿನಲ್ಲಿ ತುಂಡಾಗಿರುವುದೇ ಕಾರಣ; ಇಂಪ್ಲಾಂಟ್‌ಗೆ ಹಾನಿಯಿಲ್ಲ. ಆ ಜೋಮಿನ ಜಾಗ ವರ್ಷದಲ್ಲಿ ಕಿರಿದಾಗುತ್ತದೆ, ಕೆಲವರಿಗೆ ಸ್ವಲ್ಪ ಉಳಿದೇಬಿಡುತ್ತದೆ. ಲೋಹ ಪ್ಲಾಸ್ಟಿಕ್ಕಿಗೆ ತಾಗುವ ಟಕ್ ಟಕ್ ಸದ್ದು, ಸಂಜೆ ಮಂಡಿ ಬೆಚ್ಚಗಾಗುವುದು, ಆರು ತಿಂಗಳಾಚೆಗೂ ಇದ್ದರೆ ಹೆದರಬೇಕಿಲ್ಲ.

ಇಂದಿನ ಮಂಡಿಗಳಲ್ಲಿ ನೂರಕ್ಕೆ ಎಂಬತ್ತಕ್ಕಿಂತ ಹೆಚ್ಚು 25 ವರ್ಷ ಬಾಳುತ್ತವೆ ಎಂದು ವಿದೇಶಗಳ ದೊಡ್ಡ ದಾಖಲೆಗಳು ತೋರಿಸಿವೆ. ಬಾಳುವುದಕ್ಕೆ ಅಡ್ಡ ಬರುವ ಮುಖ್ಯ ಸಂಗತಿಗಳಲ್ಲಿ ತಡವಾಗಿ ಬರುವ ಸೋಂಕೂ ಒಂದು, ಅದು ರಕ್ತದ ಮೂಲಕ ಬರುತ್ತದೆ. ಹಲ್ಲಿನ ಹುಳುಕು, ಸಕ್ಕರೆ ಕಾಯಿಲೆಯವರ ಪಾದದ ಹುಣ್ಣು, ಉರಿಮೂತ್ರ ಯಾವುದನ್ನೂ ಬೆಳೆಯಲು ಬಿಡಬೇಡಿ. ಹಲ್ಲಿನ ಡಾಕ್ಟರಿಗೆ ಮಂಡಿ ಬದಲಾಯಿಸಿದ ವಿಷಯ ಮೊದಲೇ ಹೇಳಿ.

ಇನ್ನೊಂದು ಮಂಡಿಗೂ ಆಪರೇಷನ್ ಬೇಕಾಗಬಹುದು. ದಿನಾಂಕ ಗೊತ್ತುಮಾಡುವ ಮುನ್ನ ಆ ಎರಡು ತೂಕದ ಯಂತ್ರಗಳನ್ನು ಮತ್ತೊಮ್ಮೆ ಹೊರತೆಗೆಯಿರಿ. ಎರಡನೇ ಆಪರೇಷನ್ ಆದ ಬೆಳಿಗ್ಗೆ ಇಡೀ ದೇಹದ ಭಾರ ಹೊರಬೇಕಾದದ್ದು ಮೊದಲು ಮಾಡಿಸಿದ ಕಾಲೇ. ಅದು ಕುರ್ಚಿಯಿಂದ ಏಳುವಾಗ ತನ್ನ ಅರ್ಧ ಪಾಲು ಹೊರುತ್ತಿಲ್ಲ, ಕಂಬಿ ಹಿಡಿದೂ ಒಂದು ಮೆಟ್ಟಿಲು ಹತ್ತುತ್ತಿಲ್ಲ ಎಂದಾದರೆ, ತುರ್ತು ಇಲ್ಲದಿದ್ದಲ್ಲಿ ಎರಡು ತಿಂಗಳು ಮುಂದೆ ಹಾಕಿ ತೊಡೆಯ ವ್ಯಾಯಾಮ ಮುಗಿಸಿಕೊಂಡು ಹೋಗಿ ಎಂದೇ ನನ್ನ ಸಲಹೆ.